ಅಂದದ್ದು, ಹೇಳಿದ್ದು, ಕೇಳಿದ್ದು

‘ಹಿ ಸೆಡ್ ಮಿ’ ಎಂದು ಬರೆದ ಹುಡುಗನ ಉತ್ತರ ಪತ್ರಿಕೆಯಲ್ಲಿ ಕೆಂಪು ಗೀಟು ಬೀಳುತ್ತದೆ. ‘ಹಿ ಟೋಲ್ಡ್ ದಟ್ ಹಿ ಈಸ್ ಬಿಜಿ’ ಎಂದು ಬರೆದ ಹುಡುಗಿಗೂ ಅದೇ ಗೀಟು. ಎರಡೂ ತಪ್ಪೇ, ಅನುಮಾನವಿಲ್ಲ. ಆದರೆ ಗೀಟು ಎಳೆದ ಮೇಷ್ಟ್ರಾಗಲಿ, ಎಳೆಸಿಕೊಂಡ ಮಕ್ಕಳಾಗಲಿ ಆ ತಪ್ಪು ಎಲ್ಲಿಂದ ಬಂತು ಎಂದು ಒಂದು ಗಳಿಗೆ ನಿಂತು ನೋಡುವುದಿಲ್ಲ. ‘ಸೇ’ ಆದಮೇಲೆ ಕೇಳಿಸಿಕೊಂಡವರನ್ನು ತರಬೇಕಾದರೆ ‘ಟು’ ಹಾಕು, ‘ಟೆಲ್’ ಆದಮೇಲೆ ನೇರವಾಗಿ ಆಳನ್ನು ಹಾಕು, ಬಾಯಿಪಾಠ ಮಾಡು. ಪಾಠ ಅಲ್ಲಿಗೆ ಮುಗಿಯುತ್ತದೆ. ಕನ್ನಡದ ಮಗು ಇಂಗ್ಲಿಷಿನಲ್ಲಿ ಮಾಡುವ ಇಂಥ ತಪ್ಪುಗಳ ಬೇರು ಕನ್ನಡದಲ್ಲಿದೆ, ಮದ್ದೂ ಅಲ್ಲೇ ಇದೆ ಎಂಬುದು ನನ್ನ ವಾದ. ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಕನ್ನಡವನ್ನು ಚಪ್ಪಲಿಯ ಹಾಗೆ ಬಿಡಿಸುವ ಪದ್ಧತಿಯಿಂದ ಮಗು ತನಗೆ ಚೆನ್ನಾಗಿ ಗೊತ್ತಿರುವುದನ್ನೇ ಬಳಸಲಾರದೆ ಕೂರುತ್ತದೆ.

ಕೊಂಡಜ್ಜಿಯಂಥ ಊರಿಗೆ ಇದು ಪಂಡಿತರ ಚರ್ಚೆಯ ವಿಷಯವಲ್ಲ. ಹರಿಹರ ತಾಲ್ಲೂಕಿನ ಈ ಊರು ಎಂದರೆ ಹೊರಗಿನವರಿಗೆ ನೆನಪಾಗುವುದು ಕೆರೆ, ಗುಡ್ಡ, ಸ್ಕೌಟ್ಸ್ ಶಿಬಿರ; ಜೊತೆಗೆ 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಆರಿಸಿಹೋದ, ಸ್ಕೌಟ್ಸ್ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರು. ಊರಿನ ಮಕ್ಕಳಿಗೆ ಮಾತ್ರ ಕೊಂಡಜ್ಜಿ ಎಂದರೆ ಎಸ್ಸೆಸ್ಸೆಲ್ಸಿವರೆಗಿನ ಕನ್ನಡ. ಆಮೇಲೆ ದಾವಣಗೆರೆ. ಹತ್ತಿ ಗಿರಣಿಗಳ ಕಾಲ ಹೋಗಿ ಕಾಲೇಜುಗಳ ಕಾಲ ಬಂದಿರುವ ಆ ಪೇಟೆಯಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿದ ದಿನವೇ ಇಡೀ ಇಂಗ್ಲಿಷು ಒಟ್ಟಿಗೆ ಮೈಮೇಲೆ ಬೀಳುತ್ತದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು 2007-08ರಲ್ಲೇ ಶುರುವಾಯಿತು. ಹತ್ತು ವರ್ಷ ಕಲಿತ ಮೇಲೂ ‘ಹೇಳಿದ’ ಎಂಬ ಒಂದು ಮಾತಿಗೆ ‘ಸೆಡ್’ ಹಾಕಬೇಕೋ ‘ಟೋಲ್ಡ್’ ಹಾಕಬೇಕೋ ಎಂದು ಆ ಮಗು ತಡವರಿಸುತ್ತದೆ ಎಂದರೆ, ಕಲಿಸಿದ ರೀತಿಯನ್ನು ಪ್ರಶ್ನಿಸಲೇಬೇಕು.

ಈ ತಡವರಿಕೆ ಕನ್ನಡದವರದ್ದು ಮಾತ್ರವಲ್ಲ. ಫ್ರೆಂಚ್ ಮಾತಾಡುವವರೂ ಇಂಗ್ಲಿಷಿನ ನಾಲ್ಕು ಕ್ರಿಯಾಪದಗಳಲ್ಲಿ ಎಡವುತ್ತಾರೆ: ಸೇ, ಟೆಲ್, ಸ್ಪೀಕ್, ಟಾಕ್. ಅವರ ‘ದೀರ್’ ಎಂಬ ಒಂದೇ ಕ್ರಿಯಾಪದ ಸೇ, ಟೆಲ್ ಎರಡರ ಕೆಲಸವನ್ನೂ ಮಾಡುತ್ತದೆ. ‘ಪಾರ್ಲೇ’ ಎಂಬುದು ಸ್ಪೀಕ್, ಟಾಕ್ ಎರಡರದ್ದೂ. ಹಾಗಾಗಿ ಪ್ಯಾರಿಸ್ಸಿನ ಮಗುವಿನ ಬಾಯಲ್ಲೂ ‘ಹಿ ಸೆಡ್ ಮಿ’ ಬರುತ್ತದೆ. ತಪ್ಪು ಒಂದೇ ಆದದ್ದರಿಂದ ಒಂದೇ ಪುಸ್ತಕ ಇಬ್ಬರಿಗೂ ಸಾಕು ಎಂದು ಅನ್ನಿಸಬಹುದು. ಸಾಲದು. ಫ್ರೆಂಚಿನವರಿಗೆ ಕಷ್ಟವಾದದ್ದು ನಮಗೆ ಸುಲಭವಾಗಬೇಕು, ಅವರಿಗೆ ಸುಲಭವಾದದ್ದು ನಮಗೆ ಕಷ್ಟ. ಹೇಗೆಂದು ನೋಡೋಣ.

ಕನ್ನಡದಲ್ಲಿ ‘ಹೇಳು’ ಮಾತ್ರ ಇಲ್ಲ, ‘ಅನ್ನು’ ಕೂಡ ಇದೆ. ‘ಏನಂದ?’ ಎಂದು ಕೇಳಿದರೆ ನಮಗೆ ಬೇಕಾಗಿರುವುದು ಆಡಿದ ಮಾತು. ‘ಯಾರಿಗೆ ಹೇಳಿದ?’ ಎಂದರೆ ಬೇಕಾಗಿರುವುದು ಕೇಳಿಸಿಕೊಂಡ ಆಳು. ‘ಯಾರಿಗೆ ಅಂದೆ?’ ಎಂದು ಯಾರಾದರೂ ಕೇಳಿದರೆ ಅದು ಜಗಳದ ಸದ್ದು. ‘ಅನ್ನು’ವಿಗೆ ಆಳನ್ನು ಸೇರಿಸಿದ ಕೂಡಲೇ ಅದು ಬೈಗುಳವಾಗುತ್ತದೆ ಎಂಬುದು ಹರಿಹರದ ಸಂತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ‘ಅನ್ನು’ ಮಾತಿಗೆ ಅಂಟಿಕೊಂಡದ್ದು, ‘ಹೇಳು’ ಆಳಿಗೆ ಅಂಟಿಕೊಂಡದ್ದು. ಇಂಗ್ಲಿಷಿನ ಸೇ ಮತ್ತು ಟೆಲ್ ನಡುವೆ ಇರುವ ವ್ಯತ್ಯಾಸವೂ ಬಹುಮಟ್ಟಿಗೆ ಇದೇ.

ಇನ್ನೂ ಮುಂದೆ ಹೋಗಿ. ಕಥೆ ಹೇಳುತ್ತೇವೆ, ನಿಜ ಹೇಳುತ್ತೇವೆ, ಗುಟ್ಟು ಹೇಳುತ್ತೇವೆ, ಭವಿಷ್ಯ ಹೇಳುತ್ತೇವೆ, ಗಡಿಯಾರ ನೋಡಿ ಟೈಮ್ ಹೇಳುತ್ತೇವೆ. ಇವಿಷ್ಟಕ್ಕೂ ಇಂಗ್ಲಿಷಿನಲ್ಲಿ ಟೆಲ್. ‘ಸುಳ್ಳು ಹೇಳಿದ’ ಎಂದರೆ ಅವನೇ ಸುಳ್ಳಾಡಿದ. ‘ಸುಳ್ಳು ಅಂದ’ ಎಂದರೆ ಬೇರೆಯವರ ಮಾತನ್ನು ಸುಳ್ಳು ಎಂದು ತಳ್ಳಿಹಾಕಿದ. ಮೊದಲನೆಯದು ಟೆಲ್, ಎರಡನೆಯದು ಸೇ. ನಾಲ್ಕು ವರ್ಷದ ಮಗುವೂ ಇವೆರಡನ್ನು ಬೆರೆಸುವುದಿಲ್ಲ. ಫ್ರೆಂಚ್ ಮಗು ಹೊಸದಾಗಿ ಕಲಿಯಬೇಕಾದ ಭೇದ ನಮ್ಮ ಮಗುವಿಗೆ ಶಾಲೆಗೆ ಬರುವ ಮುಂಚೆಯೇ ಬಂದಿರುತ್ತದೆ. ಅದನ್ನು ಎತ್ತಿ ತೋರಿಸುವವರು ಮಾತ್ರ ಇಲ್ಲ.

ಹಾಗಾದರೆ ತಪ್ಪು ಯಾಕಾಗುತ್ತದೆ? ‘ಅಂತ’ ಎಂಬ ಪುಟ್ಟ ಮಾತಿನಿಂದ. ‘ಕೆಲಸ ಇದೆ ಅಂತ ಹೇಳಿದ’ ಎನ್ನುವಾಗ ಯಾರಿಗೆ ಎಂದು ನಾವು ತಿಳಿಸಬೇಕಾಗಿಲ್ಲ. ‘ಅಂತ’ ಎಂಬುದು ‘ಅನ್ನು’ವಿನಿಂದಲೇ ಹುಟ್ಟಿದ್ದು, ಹಾಗಾಗಿ ಈ ಒಂದು ವಾಕ್ಯದಲ್ಲಿ ಅನ್ನುವುದೂ ಇದೆ, ಹೇಳುವುದೂ ಇದೆ. ಇಂಗ್ಲಿಷು ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುತ್ತದೆ. ಮಗು ಕೊನೆಯಲ್ಲಿ ಕೇಳಿಸಿದ ‘ಹೇಳಿದ’ವನ್ನು ಹಿಡಿದುಕೊಂಡು ‘ಟೋಲ್ಡ್ ದಟ್’ ಎಂದು ಬರೆಯುತ್ತದೆ. ಇದನ್ನು ತಿದ್ದುವುದಕ್ಕೆ ಗ್ರಾಮರ್ ಪುಸ್ತಕ ಬೇಡ. ‘ಅಂತ ಹೇಳಿದ’ ಎಂಬುದನ್ನು ‘ಅಂದ’ ಎಂದು ಮಡಚಿ ನೋಡು ಎಂದರೆ ಸಾಕು. ‘ಕೆಲಸ ಇದೆ ಅಂದ’ ಎಂದು ಮಡಚಲು ಬಂತೋ, ಸೆಡ್. ವಾಕ್ಯದಲ್ಲಿ ‘ನನಗೆ’, ‘ಅಮ್ಮನಿಗೆ’ ಎಂದು ಕೇಳಿಸಿಕೊಂಡವರು ಇದ್ದು, ಮಡಚಿದರೆ ಕಿವಿಗೆ ಒಗ್ಗದೆ ಹೋಯಿತೋ, ಟೋಲ್ಡ್. ಎಲ್ಲ ಕಡೆಯೂ ಈ ದಾರಿ ನಡೆಯುವುದಿಲ್ಲ. ನಮ್ಮಲ್ಲಿ ಹಾಡು ಹೇಳುತ್ತೇವೆ, ಪದ್ಯ ಹೇಳುತ್ತೇವೆ, ಪಾಠ ಹೇಳುತ್ತೇವೆ, ಥ್ಯಾಂಕ್ಸೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಇವು ಯಾವುವಕ್ಕೂ ಟೆಲ್ ಇಲ್ಲ. ಪೇಪರಿನಲ್ಲಿ ‘ಬಂದಿದೆ’, ಬೋರ್ಡಿನಲ್ಲಿ ‘ಬರೆದಿದೆ’ ಎಂದು ನಾವಂದರೆ, ಅವರಲ್ಲಿ ಪೇಪರೂ ಬೋರ್ಡೂ ‘ಸೇಸ್’. ಇಂಥ ಹತ್ತಿಪ್ಪತ್ತನ್ನು ಬಳಸುತ್ತಲೇ ಕಲಿಯಬೇಕು. ಸ್ಪೀಕ್ ಮತ್ತು ಟಾಕ್ ವಿಷಯದಲ್ಲಿ ನಾವೂ ಫ್ರೆಂಚರೂ ಒಂದೇ ಸ್ಥಿತಿಯಲ್ಲಿದ್ದೇವೆ: ನಮಗೆ ‘ಮಾತಾಡು’ ಒಂದೇ. ಆದರೆ ಅಲ್ಲಿ ಭಾಷೆಯ ಹೆಸರು ಬಂದರೆ ಸ್ಪೀಕ್ ಎಂಬುದೊಂದು ನೆನಪಿದ್ದರೆ ಹೆಚ್ಚು ಅನಾಹುತವಾಗದು.

ಅನಾಹುತ ಆಗುವುದು ಬೇರೆ ಕಡೆ. ‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬ ಮಾತನ್ನು ಮಗು ‘ಹಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೊ’ ಎಂದು ಇಂಗ್ಲಿಷಿಗೆ ತರುತ್ತದೆ. ಕನ್ನಡ ಆಡಿದವರ ಮಾತನ್ನು ಆಡಿದ ಹಾಗೇ ಹೊತ್ತು ತರುತ್ತದೆ; ‘ಬರ್ತೀನಿ’ ಎಂಬುದು ಅವನ ಬಾಯಿಯ ಮಾತು ಎಂದು ‘ಅಂತ’ ಸೂಚಿಸಿಬಿಡುತ್ತದೆ. ಇಂಗ್ಲಿಷು ಹಾಗಲ್ಲ, ‘ಐ’ ಅನ್ನು ‘ಹಿ’ ಮಾಡು ಎನ್ನುತ್ತದೆ. ಫ್ರೆಂಚೂ ಹೀಗೇ ಬದಲಾಯಿಸುವ ಭಾಷೆಯಾದ್ದರಿಂದ ಅಲ್ಲಿನ ಮಕ್ಕಳಿಗೆ ಇದು ತೊಡಕೇ ಅಲ್ಲ, ಅವರ ಪುಸ್ತಕಗಳು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ನಮ್ಮ ಮಗುವಿನ ವಾಕ್ಯ ಕೇಳಿದವರು ಮಾತ್ರ ನಾಳೆ ಬೇರೆ ಯಾರನ್ನೋ ಕಾಯುತ್ತಾರೆ. ‘ಹಿ ಸೆಡ್ ಮಿ’ ಕಿವಿಗೆ ಒರಟು, ಅಷ್ಟೇ, ಅರ್ಥ ಕೆಡುವುದಿಲ್ಲ. ಈ ತಪ್ಪಿನಿಂದ ಅರ್ಥವೇ ಕೆಡುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿಂತವಳು ಡಾಕ್ಟರ ಮಾತನ್ನು ಇನ್ನೊಬ್ಬ ಡಾಕ್ಟರಿಗೆ ದಾಟಿಸುವಾಗ, ಕಾರ್ಖಾನೆಯ ಶಿಫ್ಟ್ ಬದಲಾಗುವಾಗ, ಯಾರು ಮಾಡುತ್ತೇನೆ ಅಂದರು, ಯಾರಿಗೆ ಮಾಡಲು ಹೇಳಿದರು ಎಂಬುದು ಸ್ಪಷ್ಟವಾಗಿರಲೇಬೇಕು. ಕೆಂಪು ಶಾಯಿ ಎರಡು ತಪ್ಪಿಗೂ ಅರ್ಧರ್ಧ ಮಾರ್ಕು ಕಳೆಯುತ್ತದೆ. ಇದು ಅನ್ಯಾಯ.

ಇನ್ನೊಂದು ಇದೆ, ಅದರ ಬಗ್ಗೆ ನನಗೆ ಹೆಚ್ಚು ಸಂಕಟ. ‘ಮಳೆ ಬರ್ತದಂತೆ’, ‘ರಿಸಲ್ಟ್ ಬಂತಂತೆ’. ಈ ‘ಅಂತೆ’ ಎಷ್ಟು ಪ್ರಾಮಾಣಿಕವಾದದ್ದು! ನಾನು ಕಂಡದ್ದಲ್ಲ, ಕೇಳಿದ್ದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯಯವಿಲ್ಲ. ‘ದೇ ಸೇ’ ಎಂದೋ ‘ಐ ಹರ್ಡ್’ ಎಂದೋ ಬೇರೆಯಾಗಿ ಸೇರಿಸಬೇಕು. ಸೇರಿಸಬೇಕೆಂದು ಯಾರೂ ಕಲಿಸದ ಕಾರಣ ಮಕ್ಕಳು ಅದನ್ನು ಬಿಟ್ಟೇಬಿಡುತ್ತಾರೆ. ಕನ್ನಡದಲ್ಲಿ ಗಾಳಿಮಾತೆಂದು ಒಪ್ಪಿಕೊಂಡು ಹೇಳಿದ್ದು ಇಂಗ್ಲಿಷಿನಲ್ಲಿ ಕಣ್ಣಾರೆ ಕಂಡ ಸುದ್ದಿಯಾಗುತ್ತದೆ. ಮಗುವಿನ ಮಾತಿನಲ್ಲಿದ್ದ ನಯ, ಎಚ್ಚರಿಕೆ ಎರಡೂ ಭಾಷೆ ದಾಟುವಾಗ ಉದುರಿಹೋಗುತ್ತವೆ. ಆಮೇಲೆ ನಾವು ಹಳ್ಳಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಸೂಕ್ಷ್ಮ ಬರುವುದಿಲ್ಲ ಎನ್ನುತ್ತೇವೆ. ಇದ್ದ ಸೂಕ್ಷ್ಮವನ್ನು ದಾಟಿಸುವ ದಾರಿಯನ್ನೇ ನಾವು ತೋರಿಸಿಲ್ಲ.

ದಾರಿ ತೋರಿಸಬೇಕಾದವರಿಗೂ ಅದನ್ನು ಯಾರೂ ತೋರಿಸಿಲ್ಲ ಎಂಬುದು ದೊಡ್ಡ ಕೊರತೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಗಳನ್ನು, ಅದರಲ್ಲೂ ಬರಹದ ಬಗೆಗಿನದನ್ನು, ಒಪ್ಪದವರೂ ಈ ತಲೆಬರಹದ ಮಾತನ್ನು ಒಪ್ಪಬೇಕು. ನಮ್ಮ ಕನ್ನಡ ಪಾಠದಲ್ಲಿ ಸಂಧಿ ಇದೆ, ಸಮಾಸ ಇದೆ, ಛಂದಸ್ಸಿದೆ. ‘ಅಂದ’ಕ್ಕೂ ‘ಹೇಳಿದ’ಕ್ಕೂ ಏನು ವ್ಯತ್ಯಾಸ, ‘ಅಂತೆ’ ಎಂದು ಯಾವಾಗ ಅನ್ನುತ್ತೇವೆ ಎಂಬ ಪ್ರಶ್ನೆ ಇಲ್ಲ. ‘ಕೇಳು’ ಎಂಬ ಒಂದೇ ಕ್ರಿಯಾಪದ ಪ್ರಶ್ನೆ ಕೇಳುವುದನ್ನೂ, ಹಾಡು ಕೇಳುವುದನ್ನೂ, ಅಪ್ಪನ ಮಾತು ಕೇಳುವುದನ್ನೂ ಹೇಗೆ ನಿಭಾಯಿಸುತ್ತದೆ, ಸದ್ದು ತಾನಾಗಿ ಕಿವಿಗೆ ಬಿದ್ದಾಗ ‘ಕೇಳಿಸಿತು’ ಎಂದು ಯಾಕೆ ಬದಲಾಗುತ್ತದೆ ಎಂದು ಮಕ್ಕಳು ಯೋಚಿಸುವ ಸಂದರ್ಭವೇ ಬರುವುದಿಲ್ಲ. ಆಸ್ಕ್, ಲಿಸನ್, ಒಬೇ, ಹಿಯರ್ ಎಂಬ ನಾಲ್ಕೂ ಈ ಒಂದು ಬೇರಿನೊಳಗೆ ಸಿಗುತ್ತವೆ. ತನ್ನ ಭಾಷೆಯನ್ನು ಹೀಗೆ ಬಿಡಿಸಿ ನೋಡಿದ ಮಗುವಿಗೆ ಎರಡನೆಯ ಭಾಷೆಯನ್ನು ಬಿಡಿಸುವ ಧೈರ್ಯ ಬರುತ್ತದೆ. ಇಂಗ್ಲಿಷ್ ಪಾಠದ ಸೋಲು ಅರ್ಧಕ್ಕರ್ಧ ಕನ್ನಡ ಪಾಠದಲ್ಲೇ ಆಗಿರುತ್ತದೆ.

ನನ್ನ ಈ ವಾದಕ್ಕೆ ಗಟ್ಟಿಯಾದ ಎದುರುವಾದವೊಂದು ನಮ್ಮ ರಾಜ್ಯದಲ್ಲೇ ಹುಟ್ಟಿದೆ. 1963ರಲ್ಲಿ ಶುರುವಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಶಿಕ್ಷಕರು ಅದನ್ನು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣದ ನಿಯಮ ಹೇಳಿಕೊಟ್ಟು ಭಾಷೆ ಬರಿಸಲಾಗದು; ರೈಲ್ವೆ ವೇಳಾಪಟ್ಟಿ, ನಕ್ಷೆಯಂಥ ಸಾಮಗ್ರಿ ಕೊಟ್ಟು ಸಮಸ್ಯೆ ಬಿಡಿಸಲು ಹಚ್ಚಿದರೆ, ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಿಲುವು. 1987ರಲ್ಲಿ ಇದನ್ನು ಪುಸ್ತಕವಾಗಿಯೂ ವಿವರಿಸಿದರು. ಇದರಲ್ಲಿ ದೊಡ್ಡ ಸತ್ಯವಿದೆ. ‘ಸೆಡ್ ಟು’ ಎಂದಿದ್ದರೆ ‘ಟೋಲ್ಡ್’ ಮಾಡು ಎಂದು ಡೈರೆಕ್ಟ್-ಇನ್‌ಡೈರೆಕ್ಟ್ ಸ್ಪೀಚ್ ಅರೆದು ಕುಡಿಸಿದ ಎಷ್ಟೋ ತಲೆಮಾರುಗಳು ಪರೀಕ್ಷೆಯಲ್ಲಿ ಮಾರ್ಕು ತೆಗೆದು, ಬಾಯಿಬಿಡಲಾರದೆ ಉಳಿದಿವೆ. ನಿಯಮ ಸಾಲದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕೊಂಡಜ್ಜಿಯ ಮಗುವಿಗೆ ಇಂಗ್ಲಿಷ್ ಕೇಳಿಸುವುದು ದಿನಕ್ಕೆ ಒಂದು ಪೀರಿಯಡ್ಡು. ತಾನಾಗಿ ಇಳಿಯಲಿ ಎಂದು ಕಾಯುವಷ್ಟು ಭಾಷೆ ಅದರ ಸುತ್ತ ಹರಿಯುತ್ತಿಲ್ಲ. ಅಂಥ ಮಗುವಿಗೆ ‘ಇದು ನಿನಗೆ ಗೊತ್ತಿರುವುದೇ, ಕನ್ನಡದಲ್ಲಿ ಹೀಗನ್ನುತ್ತೀಯಲ್ಲ’ ಎಂಬ ಒಂದು ಮಾತು ಎಷ್ಟೋ ತಿಂಗಳನ್ನು ಉಳಿಸುತ್ತದೆ. ಅದು ನಿಯಮವಲ್ಲ, ಗುರುತು ಹಿಡಿಸುವುದು.

ಪ್ರಭು ಅವರ ದಾರಿಯನ್ನೂ ಕನ್ನಡದಿಂದ ಗುರುತು ಹಿಡಿಸುವುದನ್ನೂ ಕೂಡಿಸಬಹುದು, ಅದಕ್ಕೆ ಬೇಕಾದದ್ದು ಕೊಂಡಜ್ಜಿಯಲ್ಲೇ ಇದೆ. ಸ್ಕೌಟ್ ತರಬೇತಿಯಲ್ಲಿ ಸುದ್ದಿ ಮುಟ್ಟಿಸುವುದು ಹಳೆಯ ವಿದ್ಯೆ: ಒಬ್ಬರು ಆಡಿದ ಮಾತನ್ನು ತಪ್ಪಿಲ್ಲದೆ ಇನ್ನೊಬ್ಬರಿಗೆ ಒಪ್ಪಿಸುವುದು. ಅದನ್ನೇ ಇಂಗ್ಲಿಷಿನಲ್ಲಿ ಆಡಿಸಲಿ. ಟೆಂಟಿನ ಹತ್ತಿರ ಒಬ್ಬ, ಕೆರೆ ಏರಿಯ ಮೇಲೆ ಒಬ್ಬ, ನಡುವೆ ಓಡುವವನೊಬ್ಬ. ಯಾರು ಏನಂದರು, ಯಾರಿಗೆ ಏನು ಮಾಡಲು ಹೇಳಿದರು ಎಂಬುದು ಕೆಟ್ಟರೆ ಆಟ ಕೆಡುತ್ತದೆ. ಆಟ ಮುಗಿದ ಮೇಲೆ ಎಲ್ಲಿ ಕೆಟ್ಟಿತು ಎಂದು ಕನ್ನಡದಲ್ಲಿ ಕೂತು ಮಾತಾಡಲಿ.

ಭಾರತದ ಇಂಗ್ಲಿಷಿಗೆ ಅದರದ್ದೇ ಜಾಡಿದೆ, ‘ಟೋಲ್ಡ್ ದಟ್’ ಅಂದರೆ ನಮಗೆಲ್ಲ ಅರ್ಥವಾಗುತ್ತದೆ, ತಿದ್ದುವ ಗೋಜು ಯಾಕೆ ಎನ್ನುವವರಿದ್ದಾರೆ. ಫೋನ್ ಎತ್ತಿ ‘ಹೇಳಿ ಸಾರ್’ ಎನ್ನುವ ಮರ್ಯಾದೆಯೇ ‘ಟೆಲ್ ಮಿ ಸರ್’ ಆಗಿದೆ. ಅದನ್ನು ಅವಮಾನಿಸುವವರ ಜೊತೆ ನಾನಿಲ್ಲ. ಆದರೆ ಇಂಥ ಔದಾರ್ಯ ಇಂಗ್ಲಿಷ್ ಚೆನ್ನಾಗಿ ಬಂದವರಿಗೆ ಸುಲಭ. ಇಂಟರ್‌ವ್ಯೂ ಕೋಣೆಯಲ್ಲಿ ಅದೇ ಮಾತಿಗೆ ಹಳ್ಳಿಯ ಹುಡುಗಿಯನ್ನು ಅಳೆಯುತ್ತಾರೆ. ಆಯ್ಕೆ ಮಾಡುವ ಶಕ್ತಿ ಅವಳಿಗೂ ಇರಲಿ.

ನನ್ನ ವಾದಕ್ಕೆ ನಿಜವಾದ ತೊಡಕು ಬೇರೆಯದು: ಈ ಕಡೆಯ ತರಗತಿಗಳಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ಹರಿಹರ, ದಾವಣಗೆರೆಯಲ್ಲಿ ಉರ್ದು ಮನೆಗಳು ಸಾಕಷ್ಟಿವೆ. ಸಂತೋಷದ ಸಂಗತಿಯೆಂದರೆ, ಕನ್ನಡ ತೆಲುಗುಗಳ ನಡುವೆ ಶತಮಾನಗಟ್ಟಲೆ ಬಾಳಿದ ದಖನಿ ಉರ್ದು ನಮ್ಮ ‘ಅಂತ’ವನ್ನು ‘ಬೋಲ್ಕೆ’ ಎಂದು ತನ್ನದಾಗಿಸಿಕೊಂಡಿದೆ. ಮಡಚಿ ನೋಡುವ ಪಾಠ ಆ ಮಕ್ಕಳಿಗೂ ಸಲ್ಲುತ್ತದೆ. ಲಂಬಾಣಿ ತಾಂಡಾದಿಂದ ಬಂದ ಮಗುವಿಗೆ ಮಾತ್ರ ಮೇಷ್ಟ್ರ ಕನ್ನಡವೇ ಎರಡನೆಯ ಭಾಷೆ. ಅಲ್ಲಿ ಮೇಷ್ಟ್ರು ಮೊದಲು ತಾವೇ ಕೇಳಬೇಕು: ‘ನಿಮ್ಮ ಮನೇಲಿ ಇದಕ್ಕೆ ಏನಂತೀರಪ್ಪ?’ ಮಗು ಹೇಳಿದ್ದನ್ನು ‘ಸೇ’, ‘ಅನ್ನು’ಗಳ ಪಕ್ಕದಲ್ಲೇ ಬೋರ್ಡಿನ ಮೇಲೆ ಬರೆದು, ಅಲ್ಲಿಂದ ಪಾಠ ಶುರುಮಾಡಬೇಕು.