ಮನೆವಾರ್ತೆ: ರದ್ದಿಯ ಚೂರಿನಿಂದ ಹರಿವೆ ಸೊಪ್ಪು

ಈ ಸಲದ ಮನೆವಾರ್ತೆಗೆ ವಸ್ತು ರದ್ದಿ ಕಾಗದ. ವಾಚಕ ಬಂಧುಗಳು ಮೂಗು ಮುರಿಯಬಾರದು. ಮಹಾಪೆ, ಘಣಸೋಲಿ, ಕೋಪರ್‌ಖೈರಣೆಗಳ ನಮ್ಮ ಎರಡು ಕೋಣೆಯ ಬಿಡಾರಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಜಾಗ ಹಿಡಿದಿರುವುದು ಕಾಗದವೇ. ಮಕ್ಕಳ ಹಳೆಯ ನೋಟುಬುಕ್ಕು, ಹರಿದ ಲಕೋಟೆ, ವರ್ಷ ಕಳೆದ ಕ್ಯಾಲೆಂಡರು, ದೇವರ ಚಿತ್ರವಿದೆಯೆಂದು ಎಸೆಯಲು ಮನಸ್ಸು ಬಾರದ ಮದುವೆಯ ಕರೆಯೋಲೆ! ದಿನಪತ್ರಿಕೆಯ ಕಟ್ಟನ್ನು ರದ್ದಿಯವನಿಗೇ ಕೊಡುವುದು ಲೇಸು; ಅವನ ಹೊಟ್ಟೆಪಾಡೂ ನಡೆಯಬೇಕಷ್ಟೆ. ಅವನು ತಕ್ಕಡಿಗೆ ಹಾಕಲೊಪ್ಪದ ಚೂರುಪಾರು ಉಳಿಯುತ್ತದಲ್ಲ, ಅದರಿಂದ ಬೀಜದ ಕಾಗದ ಮಾಡುವ ಬಗೆಯನ್ನು ಹೇಳಬೇಕೆಂದಿದ್ದೇವೆ. ಬೀಜದ ಕಾಗದವೆಂದರೆ ಸಣ್ಣ ಬೀಜಗಳನ್ನು ಒಡಲಲ್ಲಿಟ್ಟುಕೊಂಡ ಕೈಕಾಗದ. ಅದರ ಮೇಲೆ ನಾಲ್ಕು ಸಾಲು ಬರೆದು ಕಳಿಸಬಹುದು. ಓದಿದವರು ಅದನ್ನು ಮಣ್ಣಿಗೆ ಹಾಕಬಹುದು.

ಊರಿನಲ್ಲಿ ಇದೊಂದು ಉದ್ಯೋಗವೂ ಆಗಿದೆ. ಮಂಗಳೂರಿನ ಹತ್ತಿರದ ಪಕ್ಷಿಕೆರೆಯ ನಿತಿನ್ ವಾಸ್ ಎಂಬವರು ರದ್ದಿಯಿಂದ ಬೀಜದ ರಾಖಿ, ಲೇಖನಿ, ದೀಪಾವಳಿಗೆ ಪಟಾಕಿಯ ಆಕಾರದ ಬೀಜದ ಪೊಟ್ಟಣ ಇವನ್ನೆಲ್ಲ ಮಾಡಿಸಿ ಹೆಸರಾದರು. ಹಳೆಯದನ್ನು ಅಳಿಸಿ ಹೊಸದು ಮಾಡುವುದು ನಮ್ಮವರಿಗೆ ಹೊಸ ವಿದ್ಯೆಯೂ ಅಲ್ಲ. ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಇಂದು ಕಚೇರಿಯ ಫೈಲಿಗೆ ಕನ್ನಡದಲ್ಲಿ ಅದೇ ಹೆಸರು ಉಳಿದಿದೆ, ಒರಸುವ ಸೌಲಭ್ಯವೊಂದು ಮಾತ್ರ ಇಲ್ಲ. (ನಾವು ಸರಕಾರಿ ಗುಮಾಸ್ತರು. ಕಚೇರಿಯ ಕಾಗದದ ಒಂದು ಚೂರನ್ನೂ ಮನೆಗೆ ತರತಕ್ಕದ್ದಲ್ಲವೆಂದು ಈ ಸಂದರ್ಭದಲ್ಲಿ ಹೇಳಿಬಿಡುತ್ತೇವೆ. ಅದಕ್ಕೆ ಬೇರೆಯೇ ನಿಯಮಗಳುಂಟು.)

ಕಾಗದವನ್ನು ಹೆಬ್ಬೆರಳಿನ ಉಗುರಿನಷ್ಟು ಚೂರು ಮಾಡಿ ರಾತ್ರಿ ನೆನೆಹಾಕಬೇಕು. ಹೊಳಪಿನ ಕಾಗದ, ಜರಿಯಚ್ಚಿನ ಕರೆಯೋಲೆ, ಪ್ಲಾಸ್ಟಿಕ್ ಹೊದಿಕೆಯದು ಇವು ಕರಗವು. ಅಂಗಡಿಯ ಯಂತ್ರದಿಂದ ಹೊರಬೀಳುವ ನುಣುಪಾದ ಬಿಲ್ಲಿನ ಚೀಟಿಯನ್ನಂತೂ ಸೇರಿಸಲೇಬಾರದು; ಅದಕ್ಕೆ ಬಳಿದಿರುವ ರಾಸಾಯನಿಕ ತಿನ್ನುವ ಸೊಪ್ಪಿನ ಮಣ್ಣಿಗೆ ಹಿತವಲ್ಲ. ಬೆಳಗ್ಗೆ ಎರಡು ಮುಷ್ಟಿ ಚೂರಿಗೆ ಒಂದು ತಂಬಿಗೆ ನೀರಿನಂತೆ ಮಿಕ್ಸಿಯಲ್ಲಿ ದೋಸೆಹಿಟ್ಟಿನ ಹದಕ್ಕೆ ಅರೆಯಿರಿ. ಮಿಕ್ಸಿಯ ಒಂದು ಹಳೆಯ ಜಾರನ್ನು ಇದಕ್ಕೆಂದೇ ಮೀಸಲಿಟ್ಟರೆ ಮನೆಯಲ್ಲಿ ಶಾಂತಿ ಇರುತ್ತದೆ.

ಗಾಜು ಹೋದ ಫೋಟೋ ಚೌಕಟ್ಟಿಗೆ ಹಳೆಯ ಸೊಳ್ಳೆಪರದೆಯನ್ನು ಬಿಗಿಯಾಗಿ ಬಡಿದರೆ ಜರಡಿ ಸಿದ್ಧ. ಬೋಗುಣಿಯಲ್ಲಿ ತಿಳ್ಳಗೆ ಕಲಕಿದ ಹಿಟ್ಟನ್ನು ಅದರ ಮೇಲೆ ಹಪ್ಪಳದಷ್ಟು ತೆಳುವಾಗಿ ಹರಡಿ, ನೀರು ಸೋರಿದ ಬಳಿಕ ಬೀಜ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಆಮೇಲೆ ಹತ್ತಿಯ ಪಂಚೆಯ ಮೇಲೆ ಕವುಚಿ, ಇನ್ನೊಂದು ಬಟ್ಟೆಯಿಂದ ನೀರು ಹೀರಿ, ಫ್ಯಾನಿನ ಕೆಳಗೆ ಒಣಗಿಸಬೇಕು. ಅದೇ ದಿನ ಒಣಗುವುದು ಮುಖ್ಯ. ಬೀಜವು ನೀರು ಕುಡಿದು ಮೊಳಕೆಗೆ ಹೊರಟ ಮೇಲೆ ಒಣಗಿಸಿದರೆ ಸತ್ತಂತೆಯೇ. ಬೇಗ ಒಣಗಲೆಂದು ಇಸ್ತ್ರಿ ಹಾಕಿದರೂ ಅದೇ ಗತಿ. ಪಾರಸಿಕ ಗುಡ್ಡದ ಮೇಲೆ ಮೋಡ ಕವಿದು ಒಗೆದ ಬಟ್ಟೆಯೇ ಮೂರು ದಿನ ಒಣಗದ ಜುಲೈ ತಿಂಗಳು ಈ ಕೆಲಸಕ್ಕೆ ಸಲ್ಲದು. ದೀಪಾವಳಿಯಿಂದ ಯುಗಾದಿಯವರೆಗೆ ಪ್ರಶಸ್ತ.

ಬೀಜ ಯಾವುದು? ನಾವು ಹರಿವೆಯ ಪಕ್ಷ. ಮೈಸೂರಿನವರು ದಂಟೆನ್ನಲಿ, ಧಾರವಾಡದವರು ರಾಜಗಿರಿಯೆನ್ನಲಿ, ಇಲ್ಲಿಯ ಮಾರುಕಟ್ಟೆಯಲ್ಲಿ ಲಾಲ್ ಮಾಠವೆಂದು ಕೇಳಿ ತರಲಿ, ನಾಲ್ಕೈದು ದಿನದಲ್ಲಿ ಮೊಳೆಯುವ ಗಟ್ಟಿ ಜಾತಿ ಅದು. ಗ್ರಾಮಿಗೆ ಸಾವಿರಕ್ಕೂ ಮಿಕ್ಕಿ ಬೀಜ ಬರುವುದರಿಂದ ಹಾಳೆಗೊಂದು ಚಿಟಿಕೆ ಸಾಕು. ಸಾಸಿವೆ, ತುಳಸಿಯೂ ಆದೀತು. ಗುಲಾಬಿ ಬಣ್ಣ ಹಚ್ಚಿದ ಬಿತ್ತನೆ ಬೀಜ ಬೇಡ. ಅದು ಔಷಧದ ಲೇಪ, ಮಕ್ಕಳು ಕೈಹಾಕುವ ಕೆಲಸಕ್ಕೆ ತಕ್ಕುದಲ್ಲ.

ಇನ್ನು ಚೂರು ಮಾಡುವ ಮೊದಲಿನ ಮಾತು. ನಮ್ಮ ಕಟ್ಟಡದ ಒಂದು ಕನ್ನಡ ಮನೆಯಲ್ಲಿ ಹುಡುಗನು ಶಾಲೆಯ ಪ್ರದರ್ಶನಕ್ಕೆಂದು ಅಟ್ಟದ ಟ್ರಂಕಿನಿಂದ ಒಂದು ಕಟ್ಟನ್ನು ಇಳಿಸಿಕೊಂಡು ಹರಿಯತೊಡಗಿದ್ದನಂತೆ. ಹುಡುಗ ಜಾಣ, ಮರಾಠಿ, ಹಿಂದಿ, ಇಂಗ್ಲಿಷು ಎಲ್ಲ ಬಲ್ಲ, ಕನ್ನಡ ಅಕ್ಷರ ಮಾತ್ರ ಅರಿಯ. ಅವನ ಅಜ್ಜಿ ಕನ್ನಡಕ ಹುಡುಕಿ ತಂದು ನೋಡುತ್ತಾರೆ, ಅದು ಊರಿನ ಗೇಣಿ ಚೀಟಿಗಳ ಕಟ್ಟು! ಇಂತಿಷ್ಟು ಮುಡಿ ಅಕ್ಕಿ ಸಂದಿದೆಯೆಂದು ಧಣಿಗಳ ರುಜು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದಾಗ ಎಷ್ಟೋ ಮನೆಗಳಿಗೆ ಇಂಥ ಚೀಟಿಯೇ ಸಾಕ್ಷಿಯಾಗಿತ್ತು. “ಮಗಾ, ಇದನ್ನು ಹಿಡಿದುಕೊಂಡೇ ನಿನ್ನ ಮುತ್ತಜ್ಜ ನ್ಯಾಯಮಂಡಳಿಯ ಎದುರು ನಿಂತದ್ದು,” ಎಂದರಂತೆ ಅಜ್ಜಿ. ಹರಿದದ್ದು ಎರಡೇ. ಉಳಿದವನ್ನು ಒಂದೊಂದಾಗಿ ಓದಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಆದುದರಿಂದ ಕನ್ನಡ ಅಕ್ಷರವಿರುವ ಕಾಗದವನ್ನು, ಮನೆಯಲ್ಲಿ ಓದಬಲ್ಲ ಹಿರಿಯರಿರುವಾಗಲೇ, ಮುಂದೆ ಕುಳ್ಳಿರಿಸಿಕೊಂಡು ಬೇರ್ಪಡಿಸಿ. ಪಹಣಿ, ಕಂದಾಯದ ರಸೀದಿ, ರಾತ್ರಿಶಾಲೆಯ ಸರ್ಟಿಫಿಕೇಟು, ಊರಿನಿಂದ ಬಂದ ಇನ್‌ಲ್ಯಾಂಡು ಪತ್ರ ಇವು ಒಂದು ಕಡೆ. ಹೋಟೆಲಿನ ಜಾಹೀರಾತು ಇನ್ನೊಂದು ಕಡೆ. ಓದುವವರು ಇಲ್ಲದ ಮನೆಯವರು ಸಂಘಕ್ಕೆ ತಂದು ತೋರಿಸಿದರೆ ಓದಿ ಹೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಬೀಜದ ಕಾಗದವನ್ನು ಇನ್ನೊಂದು ವಾರ ಬಿಟ್ಟು ಮಾಡಿದರೂ ನಡೆದೀತು.

ಒಣಗಿದ ಹಾಳೆಯನ್ನು ಡಬ್ಬಿಯಲ್ಲಿಟ್ಟು, ಆರು ತಿಂಗಳೊಳಗೆ ಬಿತ್ತುವುದು ಒಳ್ಳೆಯದು. ಅಂಗಡಿಯಲ್ಲಿ ದುಬಾರಿ ಬೆಲೆ ಕೊಟ್ಟು ತಂದ ಇಂಥ ಕಾರ್ಡುಗಳು ಶೋಕೇಸಿನಲ್ಲಿಯೇ ಮುದಿಯಾಗುವುದನ್ನು ನಾವು ಕಂಡಿದ್ದೇವೆ. ಕೊಡುವಾಗ ಒಂದು ಹಿಡಿ ಮಣ್ಣನ್ನೂ ಜತೆಗೆ ಕೊಟ್ಟರೆ ಹೇಗೆಂದು ನಮ್ಮ ಮನೆಯವರ ಸಲಹೆ. ಹಾಳೆಯನ್ನು ನೆನೆಸಿ, ಹರಿದು, ಕಿಟಕಿಯ ಕುಂಡದಲ್ಲಿ ಹಾಸಿ, ಮೇಲೆ ಕಾಲು ಅಂಗುಲ ಮಣ್ಣು ಉದುರಿಸಿ, ಮೊಳೆಯುವವರೆಗೆ ತೇವ ಆರದಂತೆ ನೋಡಿಕೊಳ್ಳಿ. ದಟ್ಟವಾಗಿ ಎದ್ದ ಸಸಿಗಳನ್ನು ಕಿತ್ತು ತಂಬುಳಿಗೆ ಹಾಕಿ. ಉಳಿದವು ತಿಂಗಳಲ್ಲಿ ಪಲ್ಯಕ್ಕೆ ಬಂದಾವು.

ಮುಂದಿನ ಸಂಚಿಕೆಯಲ್ಲಿ ಹಳೆಯ ಸೀರೆಯ ಕೌದಿ. ಹೊಲಿಯಬಲ್ಲ ಉತ್ತರ ಕರ್ನಾಟಕದ ಸೋದರಿಯರು ಹೊಲಿಗೆಯ ವಿವರವನ್ನು ಬರೆದು ಕಳಿಸಿದರೆ ಉಪಕಾರವಾಗುತ್ತದೆ.