ಪರದೆಯ ಹಿಂದಿನವನು ಹವ್ಯಾಸಿಯಲ್ಲ

ಹವ್ಯಾಸಿ ನಾಟಕ ಮಂಡಳಿಗಳಿಗೆ ಬಹು ಪ್ರಿಯವಾದ ಒಂದು ಬಗೆಯ ನಾಟಕವುಂಟು. ನಾಟಕದವರ ಬಾಳನ್ನೇ ನಾಟಕ ಮಾಡಿ ತೋರಿಸುವುದು. ಪರದೆಯ ಮುಂದೆ ರಾಜನಾಗಿ ಮೆರೆಯುವವನು ಪರದೆಯ ಹಿಂದೆ ಹೇಗೆ ಬೀಡಿಗೆ ತಡಕಾಡುತ್ತಾನೆಂಬುದನ್ನು ಕಂಡು ಜನ ನಗುವುದು. ಈ ಬಗೆಯ ನಾಟಕಗಳಲ್ಲಿ ಲೋಕಪ್ರಸಿದ್ಧವಾದದ್ದು ಇಂಗ್ಲೆಂಡಿನ ಮೈಕೆಲ್ ಫ್ರೇನ್ ಬರೆದ ‘ನಾಯ್ಸಸ್ ಆಫ್’. 1970ರಲ್ಲಿ ತನ್ನದೇ ಒಂದು ನಾಟಕವನ್ನು ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡಿದಾಗ, ಮುಂದಿಗಿಂತ ಹಿಂದೆಯೇ ಹೆಚ್ಚು ನಗೆಯಿದೆಯೆಂದು ಆತನಿಗೆ ತೋರಿತಂತೆ. 1982ರಲ್ಲಿ ಅದು ಲಂಡನ್ನಿನ ರಂಗಕ್ಕೆ ಬಂದಿತು. ಅಂದಿನಿಂದ ಎಷ್ಟೋ ದೇಶಗಳ ಹವ್ಯಾಸಿಗಳು ಅದನ್ನು ಆಡಿದ್ದಾರೆ.

ಕಥೆ ಸರಳ. ಊರೂರು ಸುತ್ತುವ ಒಂದು ನಾಟಕ ತಂಡ. ಮೊದಲನೆಯ ಅಂಕದಲ್ಲಿ ತಾಲೀಮು. ಎರಡನೆಯ ಅಂಕದಲ್ಲಿ ರಂಗಸಜ್ಜೇ ತಿರುಗಿ ನಿಂತು, ಹಿಂದಿನ ಜಗಳವೆಲ್ಲ ನಮ್ಮೆದುರಿಗೆ. ಮೂರನೆಯ ಅಂಕದಲ್ಲಿ ಎಲ್ಲವೂ ಕುಸಿದು ಬೀಳುತ್ತದೆ. ಇದರಲ್ಲಿ ಟಿಮ್ ಎಂಬೊಬ್ಬನಿದ್ದಾನೆ. ರಂಗದ ವ್ಯವಸ್ಥೆಯೆಲ್ಲ ಅವನದು. ತಾಲೀಮಿನ ರಾತ್ರಿಗೆ ಅವನು ನಿದ್ದೆಗೆಟ್ಟು 48 ಗಂಟೆಗಳಾಗಿವೆ. ಬಾಗಿಲು ಕೆಟ್ಟರೆ ಅವನೇ ರಿಪೇರಿ ಮಾಡಬೇಕು, ನಟ ತಪ್ಪಿಸಿಕೊಂಡರೆ ಅವನೇ ವೇಷ ಹಾಕಬೇಕು, ನಿರ್ದೇಶಕನ ಪ್ರಣಯಕ್ಕೆ ಹೂವನ್ನೂ ಅವನೇ ತರಬೇಕು! ಗಿರಣಿಯ ಬಂಧುಗಳೆ, ಆ 48 ಎಂಬ ಅಂಕಿಯನ್ನು ಗಮನಿಸಿರಿ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಇಡೀ ವಾರಕ್ಕೆ ಇಟ್ಟ ಮಿತಿ ಅದು. ನಿಮ್ಮ ಒಂದು ವಾರವನ್ನು ಟಿಮ್ ಒಂದೇ ನಿಲುವಿನಲ್ಲಿ ಮುಗಿಸಿದ್ದಾನೆ. ಸಭಿಕರು ನಗುತ್ತಾರೆ.

ಫ್ರೇನನ ಮೇಲೆ ನಮ್ಮ ತಕರಾರಿಲ್ಲ. ಕಂಡದ್ದನ್ನು ಆತ ಬರೆದ. ನಗುವುದೂ ತಪ್ಪಲ್ಲ. ತಕರಾರಿರುವುದು ಟಿಮ್ಮನ ಪಾಡನ್ನು ರಂಗದ ಮೇಲೆ ಆಡಿ ತೋರಿಸಿ, ರಂಗದ ಹಿಂದೆ ತಾವೇ ಇನ್ನೊಬ್ಬ ಟಿಮ್ಮನನ್ನು ದುಡಿಸಿಕೊಳ್ಳುವ ಮಹನೀಯರೊಡನೆ. ಈ ನಾಟಕಕ್ಕೆ ಎರಡಂತಸ್ತಿನ ಮನೆ ಬೇಕು, ಸಾಲು ಸಾಲಾಗಿ ಬಾಗಿಲುಗಳು ಬೇಕು. ಬಾಗಿಲು ಸರಿಯಾದ ಗಳಿಗೆಯಲ್ಲಿ ಬಡಿದುಕೊಳ್ಳದಿದ್ದರೆ ನಗೆಯೇ ಇಲ್ಲ. ಅಂಕ ಮುಗಿದೊಡನೆ ಆ ಮನೆಯನ್ನು ಹಿಂದುಮುಂದು ಮಾಡಬೇಕು. ಇದನ್ನೆಲ್ಲ ಕಟ್ಟಿದವನಾರು? ಬಡಗಿ. ದೀಪ ಎತ್ತಿ ಕಟ್ಟಿದವನಾರು? ಎಲೆಕ್ಟ್ರಿಕ್ ಕೆಲಸದವನು. ಬಣ್ಣ ಬಳಿದವನು, ಲಾರಿಯಿಂದ ಸಾಮಾನು ಇಳಿಸಿದ ಹಮಾಲಿ, ನಡುರಾತ್ರಿಯ ಮೇಲೆ ಕಸ ಗುಡಿಸಿದ ಹೆಂಗಸು, ಇವರಾರಾದರೂ ಕೊನೆಯಲ್ಲಿ ಸಾಲಾಗಿ ನಿಂತು ಕೈಮುಗಿಯುವವರ ಜೊತೆಯಲ್ಲಿರುತ್ತಾರೆಯೆ?

ಕೂಲಿ ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: ‘ನಾವು ಹವ್ಯಾಸಿಗಳು, ಇದು ಕಲಾಸೇವೆ.’ ಮೇಷ್ಟರಾಗಿ ಮಕ್ಕಳಿಗೆ ಲೆಕ್ಕ ಕಲಿಸಿದವನು ನಾನು. ಈ ಲೆಕ್ಕ ಮಾತ್ರ ನನಗೆ ಹತ್ತುವುದಿಲ್ಲ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಸಂಬಳ ಪಡೆದು ಸಂಜೆ ಬಣ್ಣ ಹಚ್ಚುವವನು ಹವ್ಯಾಸಿ, ನಿಜ. ಅವನ ಬೇಳೆ ಬೇಯುವುದು ಬೇರೆ ಒಲೆಯ ಮೇಲೆ. ಆದರೆ ಬಡಗಿಗೆ ಉಳಿ ಸುತ್ತಿಗೆಯೇ ಒಲೆ. ಒಬ್ಬನ ಹವ್ಯಾಸ ಇನ್ನೊಬ್ಬನ ಕೂಲಿಯನ್ನು ಮಾಫಿ ಮಾಡಿಸುವುದು ಯಾವ ನ್ಯಾಯ? ಹಿಂದೆ ಇದಕ್ಕೆ ‘ವಿಲಾಸಿ ರಂಗಭೂಮಿ’ ಎಂದೂ ಹೆಸರಿತ್ತು. ವಿಲಾಸ ಒಬ್ಬರದು, ಉಪವಾಸ ಇನ್ನೊಬ್ಬರದು ಎಂದಾದರೆ ಆ ಹೆಸರೇ ವಾಸಿ.

ಕಾನೂನಾದರೂ ಇವರ ಪರವಾಗಿದೆಯೆ? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮನ್ನು ಓದಿರಿ. ಹವ್ಯಾಸಿ ಸಂಘವು ಟಿಕೆಟ್ಟಿಲ್ಲದೆ, ಇಲ್ಲವೆ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ ನಾಟಕವಾಡಿದರೆ, ಅದನ್ನು ನಾಟಕಕಾರನ ಹಕ್ಕಿಗೆ ಭಂಗವೆಂದು ಎಣಿಸುವುದಿಲ್ಲ. ಅಂದರೆ, ಟಿಕೆಟ್ ಹರಿದರೆ ಹವ್ಯಾಸಿಗೂ ಈ ರಿಯಾಯಿತಿ ಇಲ್ಲ. ಇರುವ ರಿಯಾಯಿತಿಯೂ ಬರೆದವನ ಹಕ್ಕಿಗೆ ಮಾತ್ರ ಸಂಬಂಧಿಸಿದ್ದು. ಬಡಗಿಯ ಕೂಲಿಗೆ ವಿನಾಯಿತಿಯೆಂದು ಅಲ್ಲಿ ಒಂದಕ್ಷರವೂ ಇಲ್ಲ.

ಚಿಲ್ಲರೆ ವರ್ತಕರ ಪಾಡೂ ಇದೇ. ಶಾಮಿಯಾನದ ಬಾಡಿಗೆ, ಕುರ್ಚಿಯ ಬಾಡಿಗೆ, ಬಣ್ಣದ ಅಂಗಡಿಯ ಬಾಕಿ, ಕರಪತ್ರ ಅಚ್ಚು ಹಾಕಿದ ಪ್ರೆಸ್ಸಿನ ಬಿಲ್ಲು ಎಲ್ಲವೂ ‘ಮುಂದಿನ ಪ್ರಯೋಗಕ್ಕೆ ನೋಡೋಣ’. ಮುಂದಿನ ಪ್ರಯೋಗಕ್ಕೆ ಮಂಡಳಿ ಬೇರೆ ಅಂಗಡಿಗೆ ಹೋಗುತ್ತದೆ! ಅತಿಥಿಗಳಿಗೆ ಶಾಲು ಹಾರಗಳಿಗೆ ಮಾತ್ರ ಎಂದೂ ಕೊರತೆಯಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಹಳೆಯ ಕಂಪನಿಗಳ ಕಾಲವೇ ಚೆನ್ನಾಗಿತ್ತೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ನೂರಾರು ಜನಕ್ಕೆ ಅನ್ನ ಕೊಟ್ಟವು, ನಿಜ. ಆದರೆ ಕಂಪನಿಗಳಲ್ಲಿ ಮಾಲೀಕನ ಕಲೆಕ್ಷನ್ ಬಿದ್ದರೆ ಆಳಿನ ಸಂಬಳವೂ ಬೀಳುತ್ತಿತ್ತು. ಬೆಂಗಳೂರಿನಲ್ಲಿ 1909ರಲ್ಲಿ ಎ.ಡಿ.ಎ. ಹುಟ್ಟಿ, ಮುಂದೆ ಕೈಲಾಸಂ ನಡುಮನೆಯ ಮಾತನ್ನು ರಂಗಕ್ಕೆ ತಂದದ್ದು ಹವ್ಯಾಸಿಗಳ ದೊಡ್ಡ ಕೆಲಸ. 1975ರಲ್ಲಿ ಹುಟ್ಟಿದ ಸಮುದಾಯ ನಾಟಕವನ್ನು ಬೀದಿಗೇ ತಂದಿತು. ಬೀದಿಯಲ್ಲಿ ಆಡುವವನಿಗೆ ಎರಡಂತಸ್ತಿನ ಮನೆ ಬೇಕಾಗಿಲ್ಲ. ಹಣವಿಲ್ಲವೆನ್ನುವವರಿಗೆ ನಮ್ಮ ಉತ್ತರವೂ ಅದೇ: ಹಣವಿಲ್ಲದಿದ್ದರೆ ಸಜ್ಜು ಕಡಮೆ ಮಾಡಿರಿ, ಕೂಲಿ ಕಡಮೆ ಮಾಡಬೇಡಿರಿ.

ಕೂಲಿಯೊಂದೇ ಅಲ್ಲ, ಇದು ಜೀವದ ಮಾತು. 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪುಸುಲ್ತಾನನ ಧಾರಾವಾಹಿ ತೆಗೆಯುತ್ತಿದ್ದಾಗ ಬೆಂಕಿ ಬಿದ್ದು 62 ಜನ ಸತ್ತರು. ಗಾಯಗೊಂಡ ನಾಯಕನಟನ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಸತ್ತ 62 ಜನರಲ್ಲಿ ಒಂದು ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅಂದು ಚಿತ್ರೀಕರಣವಾಗಿತ್ತು, ನಾಟಕವಲ್ಲ ಎನ್ನಬಹುದು. ಬಟ್ಟೆಯ ಪರದೆ, ಒಣ ಮರ, ಬಿಸಿ ದೀಪ, ಎಳೆದು ಕಟ್ಟಿದ ತಂತಿ ಎರಡು ಕಡೆಯೂ ಒಂದೇ. ಬೆಂಕಿಗೆ ಹವ್ಯಾಸಿ, ವೃತ್ತಿ ಎಂಬ ಭೇದ ತಿಳಿಯದು.

ಆದ್ದರಿಂದ ಮಂಡಳಿಗಳವರ ಮುಂದೆ ನಾಲ್ಕು ಮಾತು ಇಡುತ್ತೇವೆ. ಒಂದು, ಪರದೆಯ ಹಿಂದೆ ದುಡಿಯುವವರ ಕೂಲಿಯನ್ನು ತಾಲೀಮಿಗೆ ಮೊದಲೇ ಗೊತ್ತುಮಾಡಿ, ಪ್ರಯೋಗದ ರಾತ್ರಿಯೇ ಕೈಗೆ ಕೊಡಬೇಕು. ಎರಡು, ರಾತ್ರಿ ಕೆಲಸಕ್ಕೆ ಬೇರೆ ಕೂಲಿ ಮತ್ತು ಊಟ ಇರಬೇಕು, ನಿದ್ದೆಗೆಟ್ಟವನನ್ನು ಏಣಿ ಹತ್ತಿಸಕೂಡದು. ಮೂರು, ತಂತಿ ಮತ್ತು ದೀಪಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ಅಪಘಾತಕ್ಕೆ ವಿಮೆ ಇಳಿಸಬೇಕು. ನಾಲ್ಕು, ವರ್ತಕರ ಬಾಕಿ ತೀರುವ ತನಕ ಹೊಸ ನಾಟಕಕ್ಕೆ ಚಂದಾ ಎತ್ತಬಾರದು.

ಓದುಗರಿಗೂ ಒಂದು ಮಾತು. ಮಂಡಳಿಯವರು ಟಿಕೆಟ್ ಪುಸ್ತಕ ಹಿಡಿದು ಗಿರಣಿಯ ಗೇಟಿಗೆ, ಅಂಗಡಿಯ ಕಟ್ಟೆಗೆ ಬರುತ್ತಾರೆ. ಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ನಾಟಕ ನೋಡಿರಿ, ಹೊಟ್ಟೆ ತುಂಬ ನಗಿರಿ. ಆದರೆ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿರಿ: ‘ಸ್ವಾಮಿ, ಈ ಮನೆ ಕಟ್ಟಿದ ಬಡಗಿಗೆ ಎಷ್ಟು ಕೊಟ್ಟಿರಿ?’ ಉತ್ತರ ಬಂದರೆ ಟಿಕೆಟ್ ಕೊಳ್ಳಿರಿ. ಬಾರದಿದ್ದರೆ ಆ ಹಣವನ್ನು ಬಡಗಿಯ ಕೈಗೇ ಕೊಡಿರಿ.