ಬೆರಳಿನ ಗಂಟಿಗೆ ಮೊದಲು ಎಕ್ಸ್‌ರೇ

‘ಮೂಳೆಗಂಟಿಗೆ ಕತ್ತರಿ ತಾಗಿಸಿದರೆ ಕ್ಯಾನ್ಸರ್ ಹಬ್ಬುತ್ತದೆ, ಎಣ್ಣೆ ತಿಕ್ಕಿ ಲೇಪ ಕಟ್ಟಿ’ ಎಂದು ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಇದು ತಪ್ಪು, ಅಪಾಯದ ತಪ್ಪು.

ಕೈಬೆರಳ ಮೂಳೆಯಲ್ಲಿ ಹುಟ್ಟುವ ಗೆಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಎನ್‌ಕಾಂಡ್ರೋಮಾ. ಅದು ಕ್ಯಾನ್ಸರ್ ಅಲ್ಲ. ಮೂಳೆಯೊಳಗೆ ಮೃದ್ವಸ್ಥಿ ಬೆಳೆದು ಗೋಡೆಯನ್ನು ತೆಳ್ಳಗೆ ಮಾಡುತ್ತದೆ. ಎಕ್ಸ್‌ರೇಯಲ್ಲಿ ಕಪ್ಪು ಪೊಳ್ಳು, ಅದರೊಳಗೆ ಹಲವು ಬಾರಿ ಸುಣ್ಣದ ಚುಕ್ಕೆಗಳು. ಗಡಹಿಂಗ್ಲಜ ತಾಲ್ಲೂಕಿನ ನೇಸರಿ ಕಡೆ ಕಬ್ಬಿಗೆ ಕುಡುಗೋಲು ಹಿಡಿಯುವ ಕೈಗೆ ಇಂಥದ್ದಿದ್ದರೆ ಸಣ್ಣ ಪೆಟ್ಟಿಗೇ ಬೆರಳು ಮುರಿಯಬಹುದು. ತಿಕ್ಕಿದರೆ ಗೆಡ್ಡೆ ಕರಗುವುದಿಲ್ಲ.

ಎಲ್ಲಕ್ಕೂ ಆಪರೇಷನ್ ಬೇಕೆಂದು ನಾನೂ ಹೇಳುವುದಿಲ್ಲ. ನೋವಿಲ್ಲದ ಚಿಕ್ಕ ಗೆಡ್ಡೆಯನ್ನು ಆಗಾಗ ನೋಡಿಸಿಕೊಂಡರೆ ಸಾಕು. ಮುರಿದಿದ್ದರೆ ಸಾಮಾನ್ಯವಾಗಿ ಮೊದಲು ಕೂಡಲು ಬಿಟ್ಟು, ಆಮೇಲೆ ಮೂಳೆಯಲ್ಲಿ ಸಣ್ಣ ಕಿಂಡಿ ತೆರೆದು ಕೆರೆದು ತೆಗೆಯುತ್ತಾರೆ, ಬೇಕಿದ್ದರೆ ಮೂಳೆಚೂರು ತುಂಬುತ್ತಾರೆ. ಕೆರೆದದ್ದು ಪರೀಕ್ಷೆಗೆ ಹೋಗಲೇಬೇಕು. ಹಲವು ಮೂಳೆಗಳಲ್ಲಿ ಇಂಥ ಗೆಡ್ಡೆಗಳಿರುವ ಒಲಿಯರ್ ಕಾಯಿಲೆಯಲ್ಲಿ ಕ್ಯಾನ್ಸರಿನ ಭಯ ಹೆಚ್ಚು. ಅಂಥವರಿಗೆ ಲೇಪ ಕಟ್ಟಿ ಕಾಲ ಕಳೆಯುವುದು ಇನ್ನೂ ಕೆಟ್ಟದ್ದು.

ಕಾಲಿನ ಹೆಬ್ಬೆರಳಿನ ಗಂಟಿನದು ಬೇರೆ ಕಥೆ: ಉಗುರಿನಡಿ ಮೂಳೆ ಚಿಗುರಿ ಉಗುರನ್ನೇ ಎತ್ತುತ್ತದೆ, ನರಹುಲಿ ಎಂದು ಸುಡಿಸಿಕೊಂಡು ನರಳುವವರಿದ್ದಾರೆ.

ಗಂಟು ಕಂಡವರೇ, ಗಡಹಿಂಗ್ಲಜದ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂಳೆ ವೈದ್ಯರಿಗೆ ತೋರಿಸಿ. ಅಲ್ಲಿ ಆಗದಿದ್ದರೆ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ ಇದೆ, ಬೆಳಗಾವಿಯೂ ಇದೆ. ಸಂಪಾದಕರು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕು.